ಹಗ್ಗ ಕತ್ತರಿಸದ ಮೇಸ್ತ್ರಿ: ‘ಟ್ವೆಲ್ವ್ ಇಯರ್ಸ್ ಎ ಸ್ಲೇವ್’ ಚಿತ್ರದ ಒಂದು ದೃಶ್ಯದ ಬಗ್ಗೆ

ಅರ್ಧವಿರಾಮ (ಪ್ರಶ್ನೆ)

ಸ್ಟೀವ್ ಮೆಕ್‌ಕ್ವೀನ್ ನಿರ್ದೇಶಿಸಿ 2013ರಲ್ಲಿ ತೆರೆಗೆ ಬಂದ ‘ಟ್ವೆಲ್ವ್ ಇಯರ್ಸ್ ಎ ಸ್ಲೇವ್’ ಚಿತ್ರವನ್ನು ಮೊನ್ನೆ ಎರಡನೆಯ ಸಲ ನೋಡಿದೆ. ನ್ಯೂಯಾರ್ಕ್ ರಾಜ್ಯದ ಸಾರಟೋಗಾದಲ್ಲಿ ಹೆಂಡತಿ ಮಕ್ಕಳೊಡನೆ ಸ್ವತಂತ್ರನಾಗಿ ಬಾಳುತ್ತಿದ್ದ, ಪಿಟೀಲು ನುಡಿಸಿ ನಾಲ್ಕು ಕಾಸು ಸಂಪಾದಿಸುತ್ತಿದ್ದ ಸಾಲೊಮನ್ ನಾರ್ಥಪ್ ಎಂಬ ಕರಿಯ ವರ್ಣದ ಗೃಹಸ್ಥನನ್ನು 1841ರಲ್ಲಿ ಕೆಲಸದ ಆಸೆ ತೋರಿಸಿ ವಾಷಿಂಗ್ಟನ್ನಿಗೆ ಕರೆದೊಯ್ದು, ಅಲ್ಲಿಂದ ಲೂಸಿಯಾನಾಕ್ಕೆ ಗುಲಾಮನನ್ನಾಗಿ ಮಾರಿದ ನಿಜ ಘಟನೆಯೇ ಇದರ ಕಥೆ ಎಂಬುದು ಈ ಚರ್ಚಾವೇದಿಕೆಯಲ್ಲಿರುವ ಹೆಚ್ಚಿನವರಿಗೆ ತಿಳಿದಿದೆ. ಮೊದಲ ಸಲ ನೋಡಿದಾಗ ಕಥೆಯ ಭಾರದಲ್ಲಿ ಪ್ರಶ್ನೆಗಳೇ ಹುಟ್ಟಿರಲಿಲ್ಲ. ಈ ಸಲ ಮಾತ್ರ ಒಂದು ದೃಶ್ಯವನ್ನು ದಾಟಿ ಮುಂದೆ ಹೋಗಲು ಮನಸ್ಸು ಒಪ್ಪುತ್ತಿಲ್ಲ.

ಬಡಗಿ ಟಿಬೀಟ್ಸ್ ಇಬ್ಬರು ಜೊತೆಗಾರರನ್ನು ಕರೆತಂದು ಸಾಲೊಮನ್ನನ ಕೊರಳಿಗೆ ಕುಣಿಕೆ ಹಾಕಿ ಮರಕ್ಕೆ ಎಳೆಯುತ್ತಾನೆ. ತೋಟದ ಒಡೆಯ ಫೋರ್ಡನ ಮೇಸ್ತ್ರಿ ಚೇಪಿನ್ ಪಿಸ್ತೂಲು ಹಿಡಿದು ಬಂದು ಅವರನ್ನು ಓಡಿಸುತ್ತಾನೆ. ಪ್ರೇಕ್ಷಕರಾದ ನಾವು ಉಸಿರು ಬಿಡುತ್ತೇವೆ. ಆದರೆ ಚೇಪಿನ್ ಹಗ್ಗವನ್ನು ಬಿಚ್ಚುವುದಿಲ್ಲ. ಸಾಲೊಮನ್ ಕೆಸರಿನಲ್ಲಿ ಕಾಲ್ಬೆರಳ ತುದಿಯ ಮೇಲೆ ನಿಂತು, ಜಾರಿದರೆ ಸಾವು ಎನ್ನುವ ಸ್ಥಿತಿಯಲ್ಲಿ ಗಂಟೆಗಟ್ಟಲೆ ಉಳಿಯುತ್ತಾನೆ. ಹಿನ್ನೆಲೆಯಲ್ಲಿ ಉಳಿದ ಗುಲಾಮರು ತಮ್ಮ ತಮ್ಮ ಗುಡಿಸಲುಗಳಿಂದ ಹೊರಬಂದು ಕೆಲಸಕ್ಕೆ ತೊಡಗುತ್ತಾರೆ, ಮಕ್ಕಳು ಆಡುತ್ತಾರೆ, ಒಬ್ಬ ಹೆಂಗಸು ನೀರು ಕುಡಿಸಿ ಹೋಗುತ್ತಾಳೆ. ಒಡೆಯ ಫೋರ್ಡ್ ಬಂದ ಮೇಲಷ್ಟೇ ಹಗ್ಗ ತುಂಡಾಗುತ್ತದೆ.

ನನ್ನ ಪ್ರಶ್ನೆಗಳು ಎರಡು. ಕೊಲೆಯನ್ನು ತಡೆಯುವಷ್ಟು ಧೈರ್ಯವಿದ್ದ ಮೇಸ್ತ್ರಿಗೆ ಹಗ್ಗ ಕತ್ತರಿಸುವ ಧೈರ್ಯ ಏಕೆ ಇರಲಿಲ್ಲ? ಇದು ನಿಜವಾಗಿ ನಡೆದದ್ದೇ, ಇಲ್ಲವೇ ಚಿತ್ರಕಥೆಯ ಕಲ್ಪನೆಯೇ? ಎರಡನೆಯದು, ಓದು ಬರಹ ಬಲ್ಲ ಸಾಲೊಮನ್ ತಾನು ಸ್ವತಂತ್ರನೆಂಬುದನ್ನು ಮೊದಲ ದಿನವೇ, ಅದರಲ್ಲೂ ಸಾಧು ಸ್ವಭಾವದವನಂತೆ ಕಾಣುವ ಫೋರ್ಡನಿಗೆ, ಏಕೆ ಹೇಳಿಬಿಡಲಿಲ್ಲ?

ಅಡಿಟಿಪ್ಪಣಿ

ಸಾಲೊಮನ್ ನಾರ್ಥಪ್ ಬಿಡುಗಡೆಯಾದ ವರ್ಷವೇ, ಅಂದರೆ 1853ರಲ್ಲಿ, ಡೇವಿಡ್ ವಿಲ್ಸನ್ ಎಂಬ ವಕೀಲರಿಗೆ ಹೇಳಿ ಬರೆಯಿಸಿದ ಆತ್ಮಕಥನವನ್ನು ಓದಿದವನಾಗಿ ಉತ್ತರಿಸುತ್ತಿದ್ದೇನೆ. ಘಟನೆ ನಡೆದದ್ದು ನಿಜ, ಆದರೆ ಚಿತ್ರದಲ್ಲಿ ಕಾಣುವ ರೀತಿಯಲ್ಲಿ ಅಲ್ಲ. ಪುಸ್ತಕದಲ್ಲಿ ಅವನನ್ನು ಮರಕ್ಕೆ ಎತ್ತುವ ಮೊದಲೇ ಚೇಪಿನ್ ಬರುತ್ತಾನೆ. ಕಣಕಾಲು, ಮಣಿಕಟ್ಟು, ಮೊಣಕೈಗಳನ್ನು ಬಿಗಿದು, ಕೊರಳಲ್ಲಿ ಹಗ್ಗ ಜೋತುಬಿದ್ದ ಸ್ಥಿತಿಯಲ್ಲಿ ಅವನು ಸುಡುವ ಬಿಸಿಲಿನಲ್ಲಿ ಹೊತ್ತು ಮುಳುಗುವವರೆಗೆ ನಿಂತಿರುತ್ತಾನೆ. ಕಾಲ್ಬೆರಳ ತುದಿಯ ತೂಗಾಟ ಚಿತ್ರದವರು ಸೇರಿಸಿದ್ದು. ಕಟ್ಟು ಬಿಚ್ಚದೆ ಬಿಟ್ಟದ್ದು, ನೀರು ತಂದ ಹೆಂಗಸು, ಸಂಜೆ ಬಂದ ಫೋರ್ಡ್, ಇವೆಲ್ಲ ಪುಸ್ತಕದಲ್ಲಿವೆ.

ಹಗ್ಗ ಏಕೆ ಕತ್ತರಿಸಲಿಲ್ಲ ಎಂಬ ನಿಮ್ಮ ಪ್ರಶ್ನೆಯನ್ನು ಸಾಲೊಮನ್ ತಾನೇ ಕೇಳಿಕೊಂಡಿದ್ದಾನೆ. ಕೊರಳ ಹಗ್ಗವನ್ನು ಫೋರ್ಡ್ ಕಣ್ಣಾರೆ ಕಾಣಲಿ ಎಂದು ಚೇಪಿನ್ ಬಯಸಿರಬಹುದು ಎನ್ನುವುದು ಅವನ ಒಂದು ಊಹೆ; ತನಗೆ ಯಾವ ಕಾನೂನುಬದ್ಧ ಹಕ್ಕೂ ಇಲ್ಲದ, ಇನ್ನೊಬ್ಬನ ಸ್ವತ್ತಿನ ಮೇಲೆ ಕೈಯಿಟ್ಟರೆ ಅತಿಕ್ರಮವೆಂದು ದಂಡಕ್ಕೆ ಗುರಿಯಾಗಬೇಕಾದೀತು ಎಂದು ಅವನು ಹೆದರಿರಬಹುದು ಎನ್ನುವುದು ಇನ್ನೊಂದು. ಆ ಎರಡನೆಯ ಊಹೆಯ ಮುಂದೆ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಇದು ಅರ್ಥವಾಗಬೇಕಾದರೆ ಅಲ್ಲಿನ ಲೆಕ್ಕಪತ್ರ ಗೊತ್ತಿರಬೇಕು. ಫೋರ್ಡ್ ನ್ಯೂ ಆರ್ಲಿಯನ್ಸಿನಲ್ಲಿ ಸಾಲೊಮನ್ನನನ್ನು 1000 ಡಾಲರಿಗೆ ಕೊಂಡಿದ್ದ. ಅದೇ ದಿನ ಹ್ಯಾರಿ ಎಂಬವನಿಗೆ 900, ಮಕ್ಕಳಿಂದ ಬೇರ್ಪಟ್ಟ ಎಲೈಜಾಳಿಗೆ 700 ಡಾಲರ್ ತೆತ್ತಿದ್ದ. ಮುಂದೆ ಅವನು ತನ್ನ ಸಹೋದರನ ಸಾಲಕ್ಕೆ ಜಾಮೀನು ನಿಂತು ಕೈಸುಟ್ಟುಕೊಂಡ. ಅದರ ಜೊತೆಗೆ ಗಿರಣಿ ಮತ್ತು ಇತರ ಕಟ್ಟಡಗಳನ್ನು ಕಟ್ಟಿಕೊಟ್ಟ ಟಿಬೀಟ್ಸನಿಗೆ ಕೊಡಬೇಕಾದ ಕೂಲಿಯೂ ಬಾಕಿಯಿತ್ತು. ಆ ಬಾಕಿಗಾಗಿ ಸಾಲೊಮನ್ನನನ್ನು ಅವನಿಗೆ ಕೊಟ್ಟ. ಆದರೆ ಆಳಿನ ಬೆಲೆ ಬಾಕಿಗಿಂತ ಹೆಚ್ಚಾಗಿದ್ದುದರಿಂದ ಉಳಿದ 400 ಡಾಲರಿಗೆ ಸಾಲೊಮನ್ನನ ಮೇಲೆಯೇ ಅಡಮಾನ ಬರೆಸಿಕೊಂಡ. ಚೇಪಿನ್ ಪಿಸ್ತೂಲು ತೋರಿಸಿ ಹೇಳಿದ ಮಾತಿನ ತಿರುಳೂ ಇಷ್ಟೇ: ಇವನ ಮೇಲೆ ಫೋರ್ಡನ 400 ಡಾಲರ್ ಅಡಮಾನವಿದೆ, ಇವನನ್ನು ಕೊಂದರೆ ಆ ಹಣ ಮುಳುಗುತ್ತದೆ, ಅದು ತೀರುವವರೆಗೆ ಇವನ ಪ್ರಾಣದ ಮೇಲೆ ನಿನಗೆ ಹಕ್ಕಿಲ್ಲ. ಚಿತ್ರದಲ್ಲೂ ಈ ಮಾತು ಬರುತ್ತದೆ, ಆದರೆ ಆ ಗಡಿಬಿಡಿಯಲ್ಲಿ ಕಿವಿ ಜಾರಿ ಹೋಗುತ್ತದೆ. ಅಂದು ಸಾಲೊಮನ್ ಉಳಿದದ್ದು ಒಂದು ಸಾಲ ತೀರದೆ ಇದ್ದುದರಿಂದ.

ಇಲ್ಲಿ ಒಂದು ಮಾತು. ಕೆಲವರು ಈ ಚಿತ್ರದ ಬಗ್ಗೆ ಬರೆಯುವಾಗ ‘ಜೀತ’ ಎಂಬ ಪದವನ್ನು ಬಳಸುತ್ತಾರೆ. ಅದು ಸರಿಯಲ್ಲ. ಜೀತದಲ್ಲಿ ಮನುಷ್ಯ ಸಾಲಗಾರನಾಗಿರುತ್ತಾನೆ. ಇಲ್ಲಿ ಅವನು ಸಾಲಕ್ಕೆ ಒತ್ತೆಯಿಟ್ಟ ವಸ್ತು.

ಕತ್ತಲಕೋಣೆ

ಮೇಲಿನ ಉತ್ತರ ಓದಿದ ಮೇಲೆ ಕಾಲ್ಬೆರಳ ತುದಿಯ ಬದಲಾವಣೆಯನ್ನು ನಾನು ತಪ್ಪೆಂದು ಹೇಳಲಾರೆ. ಹಗ್ಗ ಸಡಿಲವಾಗಿ ಜೋತುಬಿದ್ದಿದ್ದರೆ ತೆರೆಯ ಮೇಲೆ ಅದು ಬರಿಯ ಕಾಯುವಿಕೆಯಾಗಿ ಕಾಣುತ್ತಿತ್ತು. ಕೊರಳು ಬಿಗಿದಿರುವುದರಿಂದ ಪ್ರತಿಯೊಂದು ಕ್ಷಣವೂ ದೇಹದ ದುಡಿಮೆಯಾಗುತ್ತದೆ. ಛಾಯಾಗ್ರಾಹಕ ಶಾನ್ ಬಾಬಿಟ್ ಈ ದೃಶ್ಯದಲ್ಲಿ ಕ್ಯಾಮೆರಾವನ್ನು ದೂರದಲ್ಲಿ ನಿಲ್ಲಿಸಿ ಬಹಳ ಹೊತ್ತು ಕದಲಿಸುವುದೇ ಇಲ್ಲ. ಹಿನ್ನೆಲೆ ಸಂಗೀತ ಇಲ್ಲ. ಹ್ಯಾನ್ಸ್ ಜಿಮ್ಮರ್ ಅವರಂಥ ಸಂಗೀತ ನಿರ್ದೇಶಕ ಕೈಯಲ್ಲಿದ್ದೂ ಸುಮ್ಮನಿರಿಸಿದ್ದು ಸಣ್ಣ ನಿರ್ಧಾರವಲ್ಲ. ಕೀಟಗಳ ಸದ್ದು, ಕೆಸರಿನಲ್ಲಿ ಬೆರಳು ಜಾರುವ ಸದ್ದು, ದೂರದಲ್ಲಿ ಮಕ್ಕಳ ದನಿ, ಇಷ್ಟೇ ಕೇಳಿಸುತ್ತದೆ. ಮೆಕ್‌ಕ್ವೀನ್ ಚಿತ್ರರಂಗಕ್ಕೆ ಬರುವ ಮೊದಲು ದೃಶ್ಯಕಲಾವಿದರಾಗಿ 1999ರಲ್ಲಿ ಟರ್ನರ್ ಪ್ರಶಸ್ತಿ ಪಡೆದವರು. ಚೌಕಟ್ಟಿನೊಳಗೆ ಯಾವುದನ್ನು ಅಲುಗಾಡಿಸಬೇಕು, ಯಾವುದನ್ನು ಬಿಡಬೇಕು ಎಂಬ ತಿಳಿವು ಅಲ್ಲಿಂದ ಬಂದದ್ದಿರಬೇಕು.

ನನ್ನ ಕಣ್ಣಿಗೆ ಆ ದೃಶ್ಯದ ತಿರುಳು ಕೊರಳಿನಲ್ಲಿಲ್ಲ, ಹಿನ್ನೆಲೆಯಲ್ಲಿದೆ. ಉಳಿದವರು ತಲೆ ತಗ್ಗಿಸಿ ತಮ್ಮ ಕೆಲಸಕ್ಕೆ ಮರಳುವುದನ್ನು ನೋಡಿ ಮೊದಲಿಗೆ ನಮಗೆ ಸಿಟ್ಟು ಬರುತ್ತದೆ. ಆಮೇಲೆ ಹೊಳೆಯುತ್ತದೆ, ಬದುಕುಳಿಯುವುದೆಂದರೆ ಅಲ್ಲಿ ಅದೇ. ಪಿಸ್ತೂಲು ಹಿಡಿದ ಬಿಳಿಯ ಮೇಸ್ತ್ರಿಯೇ ಮುಟ್ಟಲು ಅಂಜುವ ಹಗ್ಗವನ್ನು ಅವರು ಮುಟ್ಟುವುದು ಹೇಗೆ? ಪ್ಯಾಟ್ಸಿ ಎಂಬ ಗುಲಾಮ ಹೆಣ್ಣನ್ನು ಕಂಬಕ್ಕೆ ಕಟ್ಟಿ ಹೊಡೆಯುವ ದೃಶ್ಯವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ಅಲ್ಲಿ ಕ್ಯಾಮೆರಾ ನಿಲ್ಲುವುದೇ ಇಲ್ಲ. ಕತ್ತರಿಯಿಲ್ಲದ ಒಂದೇ ಉದ್ದನೆಯ ಚಿತ್ರಿಕೆಯಲ್ಲಿ ಹೊಡೆಯುವವನಿಂದ ಹೊಡೆಸಿಕೊಳ್ಳುವವಳತ್ತ, ಅಲ್ಲಿಂದ ನೋಡುತ್ತಿರುವವರತ್ತ ತಿರುಗುತ್ತಲೇ ಇರುತ್ತದೆ. ಒಂದರಲ್ಲಿ ನಾವು ದೂರ ನಿಂತ ಸಾಕ್ಷಿಗಳು, ಇನ್ನೊಂದರಲ್ಲಿ ದೂರ ಸರಿಯಲು ಜಾಗವಿಲ್ಲ.

ಒಂದು ಆಕ್ಷೇಪ ಮಾತ್ರ ನನ್ನಲ್ಲಿ ಉಳಿದಿದೆ. ಲೂಸಿಯಾನಾದ ಮರಗಳಿಂದ ಇಳಿಬಿದ್ದ ಪಾಚಿ, ಸಂಜೆಯ ಬೆಳಕು, ನೀರಿನ ಮೇಲಿನ ಹೊಳಪು ಇವೆಲ್ಲ ಕೆಲವೆಡೆ ಬೇಕಾದದ್ದಕ್ಕಿಂತ ಚೆಂದವಾಗಿವೆ.

ಹೊಳೆಸಾಲು

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಸಾಲೊಮನ್ ಹೇಳಲಿಲ್ಲ ಎನ್ನುವುದು ಪೂರ್ತಿ ಸರಿಯಲ್ಲ. ವಾಷಿಂಗ್ಟನ್ನಿನಲ್ಲಿ, ಅಮೆರಿಕದ ಸಂಸತ್ ಭವನ ಕಾಣುವಷ್ಟು ಹತ್ತಿರದ ಗುಲಾಮರ ದೊಡ್ಡಿಯಲ್ಲಿ, ಸಂಕೋಲೆಯೊಡನೆ ಎಚ್ಚರಗೊಂಡ ಕೂಡಲೇ ಅವನು ವ್ಯಾಪಾರಿ ಬರ್ಚ್‌ನಿಗೆ ತಾನು ಸ್ವತಂತ್ರನೆಂದು ಹೇಳಿದ. ಅದಕ್ಕೆ ಸಿಕ್ಕ ಉತ್ತರ ಮರದ ಹಲಗೆಯ ಪೆಟ್ಟು, ಅದು ಮುರಿದ ಮೇಲೆ ಹಗ್ಗದ ಪೆಟ್ಟು. ಇನ್ನೊಮ್ಮೆ ಆ ಮಾತೆತ್ತಿದರೆ ಕೊಲ್ಲುವುದಾಗಿ ಬೆದರಿಕೆಯೂ ಬಂತು. ಆ ದಿನದಿಂದ ತನ್ನ ಹೆಸರು, ಊರು, ಅಕ್ಷರಜ್ಞಾನ ಮೂರನ್ನೂ ಅವನು ಒಳಗೆ ಇಳಿಸಿಕೊಂಡ. ಮಾರುವವರು ‘ಪ್ಲ್ಯಾಟ್’ ಎಂದು ಹೆಸರಿಟ್ಟರು. ಹನ್ನೆರಡು ವರ್ಷ ಅದೇ ಹೆಸರು ಉಳಿಯಿತು.

ಚಿತ್ರದಲ್ಲಿ ಕಾಣದ ಒಂದು ಸಂಗತಿಯಿದೆ. ‘ಆರ್ಲಿಯನ್ಸ್’ ಹಡಗಿನಲ್ಲಿ ದಕ್ಷಿಣಕ್ಕೆ ಸಾಗುವಾಗ ಒಬ್ಬ ಇಂಗ್ಲಿಷ್ ನಾವಿಕನ ಕನಿಕರದಿಂದ ಸಾಲೊಮನ್ ಒಂದು ಕಾಗದ ಬರೆದ. ಅದು ನ್ಯೂಯಾರ್ಕಿನಲ್ಲಿದ್ದ ವಕೀಲ ಹೆನ್ರಿ ನಾರ್ಥಪ್ ಅವರ ಕೈ ಸೇರಿತು ಕೂಡ. ಸಾಲೊಮನ್ನನ ತಂದೆಯನ್ನು ಹಿಂದೊಮ್ಮೆ ಗುಲಾಮನಾಗಿ ಇಟ್ಟುಕೊಂಡಿದ್ದ, ಆಮೇಲೆ ಉಯಿಲಿನ ಮೂಲಕ ಬಿಡುಗಡೆ ಮಾಡಿದ ಮನೆತನದವರೇ ಈ ಹೆನ್ರಿ. ಮನೆತನದ ಹೆಸರೂ ಹಾಗೆಯೇ ಬಂದದ್ದು. ಆದರೆ ಆ ಕಾಗದ ಬರೆಯುವಾಗ ತನ್ನನ್ನು ಎಲ್ಲಿಗೆ ಒಯ್ಯುತ್ತಿದ್ದಾರೆಂಬುದು ಸಾಲೊಮನ್ನನಿಗೇ ಗೊತ್ತಿರಲಿಲ್ಲ. ಅಪಹರಣಕ್ಕೊಳಗಾದ ಸ್ವತಂತ್ರ ಪ್ರಜೆಗಳನ್ನು ಮರಳಿ ತರಲು ರಾಜ್ಯಪಾಲರು ಪ್ರತಿನಿಧಿಯನ್ನು ನೇಮಿಸಬಹುದೆಂಬ ಕಾನೂನು ನ್ಯೂಯಾರ್ಕಿನಲ್ಲಿ 1840ರಲ್ಲೇ ಜಾರಿಗೆ ಬಂದಿತ್ತು. ಕಾನೂನು ಇತ್ತು, ಮನಸ್ಸಿದ್ದ ವಕೀಲನೂ ಇದ್ದ, ವಿಳಾಸ ಮಾತ್ರ ಇರಲಿಲ್ಲ. ಆ ವಿಳಾಸಕ್ಕಾಗಿ ಮತ್ತೆ ಹನ್ನೊಂದು ವರ್ಷ ಕಳೆಯಿತು.

ಈಗ ಫೋರ್ಡನ ವಿಷಯ. ಚಿತ್ರದಲ್ಲಿ ನೇಣಿನ ಘಟನೆಯ ನಂತರ ಸಾಲೊಮನ್ ತಾನು ಸ್ವತಂತ್ರನೆಂದು ಫೋರ್ಡನಿಗೆ ಹೇಳುತ್ತಾನೆ. ಫೋರ್ಡ್ ಅದನ್ನು ಕೇಳಿಸಿಕೊಳ್ಳಲಾರೆ ಎನ್ನುತ್ತಾನೆ, ತೀರಿಸಬೇಕಾದ ಸಾಲದ ನೆಪ ಹೇಳುತ್ತಾನೆ. ಪುಸ್ತಕದಲ್ಲಿ ಈ ಮಾತುಕತೆಯೇ ಇಲ್ಲ. ಹೇಳಿಬಿಡಬೇಕೆಂದು ಹಲವು ಸಲ ಬಾಯಿಯವರೆಗೆ ಬಂದು ತಡೆದೆ, ಹೇಳಿದ್ದರೆ ಒಳ್ಳೆಯದೇ ಆಗುತ್ತಿತ್ತೇನೋ, ಅಷ್ಟರಲ್ಲಿ ಅವನ ಹಣದ ತೊಂದರೆ ಹೆಚ್ಚಿ ಆ ದಾರಿಯೂ ಮುಚ್ಚಿತು ಎಂಬ ಅರ್ಥದಲ್ಲಿ ಸಾಲೊಮನ್ ಬರೆದಿದ್ದಾನೆ. ಫೋರ್ಡನನ್ನು ಕರುಣೆಯುಳ್ಳವನೆಂದೇ ನೆನೆಯುತ್ತಾನೆ. ಚಿತ್ರಕಥೆ ಬರೆದ ಜಾನ್ ರಿಡ್ಲಿ ಆ ಕರುಣೆಯನ್ನು ಒಂದು ಹೆಜ್ಜೆ ಮುಂದೆ ಎಳೆದು ಪರೀಕ್ಷೆಗೆ ಒಡ್ಡಿದ್ದಾರೆ. ನನಗೆ ಪುಸ್ತಕದ ರೂಪವೇ ಹೆಚ್ಚು ಕಾಡುತ್ತದೆ, ಏಕೆಂದರೆ ಅಲ್ಲಿ ಉತ್ತರ ಏನಾಗುತ್ತಿತ್ತೆಂಬುದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಅರ್ಧವಿರಾಮ

ಇಬ್ಬರು ಮೂವರು ಇಷ್ಟು ವಿವರವಾಗಿ ಬರೆದದ್ದಕ್ಕೆ ಕೃತಜ್ಞತೆಗಳು. 400 ಡಾಲರಿನ ಅಡಮಾನದ ಸಂಗತಿ ತಿಳಿದ ಮೇಲೆ ಆ ದೃಶ್ಯವನ್ನು ಮತ್ತೊಮ್ಮೆ ನೋಡಿದೆ. ಚೇಪಿನ್ ಆಡುವ ಮಾತು ಸ್ಪಷ್ಟವಾಗಿಯೇ ಇದೆ, ನಾನೇ ಕೇಳಿಸಿಕೊಂಡಿರಲಿಲ್ಲ.

ಒಕ್ಕಣೆ

ಎಲ್ಲರೂ ಸಾಲೊಮನ್ನನ ಬಗ್ಗೆಯೇ ಮಾತನಾಡುತ್ತಿರುವುದರಿಂದ ಸ್ವಲ್ಪ ಬೇರೆ ದನಿಯಲ್ಲಿ ಹೇಳುತ್ತೇನೆ. ಸ್ವತಂತ್ರನಾಗಿದ್ದವನನ್ನು ಅನ್ಯಾಯವಾಗಿ ಹಿಡಿದು ಮಾರಿದರು ಎಂಬ ಕಥೆಗೆ ಕಣ್ಣೀರು ಹಾಕುವುದು ಸುಲಭ. ಹುಟ್ಟುವಾಗಲೇ ಗುಲಾಮರಾಗಿದ್ದವರನ್ನು ನ್ಯಾಯವಾಗಿ ಮಾರುತ್ತಿದ್ದರೇ ಎಂಬ ಪ್ರಶ್ನೆ ಆ ಕಣ್ಣೀರಿನಲ್ಲಿ ತೊಳೆದು ಹೋಗುವ ಅಪಾಯವಿದೆ. ಆಫ್ರಿಕಾದಿಂದ ಜನರನ್ನು ತರುವುದನ್ನು ಅಮೆರಿಕ 1808ರಲ್ಲಿ ನಿಷೇಧಿಸಿದ ಮೇಲೆ ಒಳನಾಡಿನ ವ್ಯಾಪಾರವೇ ಬೆಳೆಯಿತು. ವರ್ಜೀನಿಯಾ, ಮೇರಿಲ್ಯಾಂಡ್ ಕಡೆಯಿಂದ ಹತ್ತಿ ಮತ್ತು ಕಬ್ಬಿನ ಸೀಮೆಗಳಿಗೆ ಸುಮಾರು 10 ಲಕ್ಷ ಜನರನ್ನು ಮಾರಿಯೋ ಒಡೆಯರೊಡನೆಯೋ ಸಾಗಿಸಲಾಯಿತು. 1860ರ ಜನಗಣತಿಯಲ್ಲಿ ಗುಲಾಮರ ಸಂಖ್ಯೆ 39 ಲಕ್ಷ ದಾಟಿತ್ತು. ಅವರಲ್ಲಿ ಯಾರಿಗೂ ನ್ಯೂಯಾರ್ಕಿನ 1840ರ ಕಾನೂನು ಉಪಯೋಗಕ್ಕೆ ಬರುವಂತಿರಲಿಲ್ಲ.

ಪ್ಯಾಟ್ಸಿಯನ್ನೇ ನೋಡಿ. ಸಾಲೊಮನ್ನನ ಕೊನೆಯ ಒಡೆಯ ಎಪ್ಸನ ಹೊಲದಲ್ಲಿ ಒಬ್ಬ ಆಳು ದಿನಕ್ಕೆ 200 ಪೌಂಡ್ ಹತ್ತಿ ಬಿಡಿಸಿದರೆ ಸಾಕೆಂಬ ಲೆಕ್ಕವಿದ್ದಾಗ ಅವಳು 500 ಪೌಂಡ್ ಬಿಡಿಸುತ್ತಿದ್ದಳು. ಸಾಲೊಮನ್ನನಿಗೆ ಆ ಕೈಚಳಕ ಕೊನೆಯವರೆಗೂ ಒಲಿಯಲಿಲ್ಲ. ಅವನ ಬುಟ್ಟಿ ತಕ್ಕಡಿಯಲ್ಲಿ ಯಾವಾಗಲೂ ಕಡಿಮೆ ತೂಗುತ್ತಿತ್ತು. ಅತಿ ಹೆಚ್ಚು ದುಡಿಯುವವಳೇ ಅತಿ ಹೆಚ್ಚು ಪೆಟ್ಟು ತಿಂದಳು, ಏಕೆಂದರೆ ಒಡೆಯನ ಕಾಮ, ಒಡತಿಯ ಮತ್ಸರ ಎರಡರ ನಡುವೆ ಅವಳು ಸಿಕ್ಕಿದ್ದಳು. ಒಂದು ತುಂಡು ಸಾಬೂನಿಗಾಗಿ ಪಕ್ಕದ ತೋಟಕ್ಕೆ ಹೋಗಿ ಬಂದದ್ದಕ್ಕೆ ಅವಳ ಬೆನ್ನು ಹರಿದ ಪ್ರಸಂಗ ಕಲ್ಪನೆಯಲ್ಲ. ಲುಪಿಟಾ ನ್ಯೋಂಗೊ ಅವರಿಗೆ ಈ ಪಾತ್ರಕ್ಕಾಗಿ ಆಸ್ಕರ್ ಬಂತು, ಚಿತ್ರಕ್ಕೂ ವರ್ಷದ ಅತ್ಯುತ್ತಮ ಚಿತ್ರವೆಂಬ ಮನ್ನಣೆ ಸಿಕ್ಕಿತು. ಆದರೂ ಕೊನೆಗೆ ಬಿಡುಗಡೆಯ ಗಾಡಿ ಹೊರಟಾಗ ಕ್ಯಾಮೆರಾ ಸಾಲೊಮನ್ನನ ಜೊತೆಗೇ ಹೋಗುತ್ತದೆ, ಅವಳು ಹಿಂದೆ ಮಸುಕಾಗಿ ಕುಸಿಯುತ್ತಾಳೆ. ‘ಅಡಿಟಿಪ್ಪಣಿ’ಯವರು ಹೇಳಿದ ಅಡಮಾನದ ಲೆಕ್ಕ ಸಾಲೊಮನ್ನನನ್ನು ಉಳಿಸಿತು, ಒಪ್ಪುತ್ತೇನೆ. ಅದೇ ಲೆಕ್ಕ ಪ್ಯಾಟ್ಸಿಯನ್ನು ಮಾರದಂತೆ ಕಟ್ಟಿಹಾಕಿತು. ಅಷ್ಟು ಹತ್ತಿ ಬಿಡಿಸುವವಳನ್ನು ಯಾವ ಒಡೆಯ ಬಿಟ್ಟುಕೊಡುತ್ತಾನೆ?

ಅಡಿಟಿಪ್ಪಣಿ

‘ಒಕ್ಕಣೆ’ಯವರ ಮಾತು ತೂಕದ್ದು, ಆದರೆ ಚಿತ್ರದ ಮೇಲಿನ ದೂರನ್ನು ಪುಸ್ತಕದ ಮೇಲೆ ಹೊರಿಸಬಾರದು. ಸಾಲೊಮನ್ ತನ್ನ ಕಥೆಯನ್ನು ಮತ್ತೆ ಮತ್ತೆ ನಿಲ್ಲಿಸಿ ಎಲೈಜಾಳ ಕಥೆ, ಪ್ಯಾಟ್ಸಿಯ ಕಥೆ, ಹತ್ತಿ ಬಿತ್ತುವ, ಬಿಡಿಸುವ ಕ್ರಮ, ಕಬ್ಬು ಅರೆಯುವ ಕ್ರಮ ಎಲ್ಲವನ್ನೂ ಹೇಳುತ್ತಾನೆ. ಪ್ಯಾಟ್ಸಿಯ ವಿಷಯದಲ್ಲಿ ಚಿತ್ರ ಮಾಡಿದ ಒಂದು ಬದಲಾವಣೆಯನ್ನೂ ಗಮನಿಸಬೇಕು. ತನ್ನನ್ನು ನೀರಿನಲ್ಲಿ ಮುಳುಗಿಸಿ ಕೊಂದುಬಿಡು ಎಂದು ಅವಳು ಸಾಲೊಮನ್ನನನ್ನು ಬೇಡುವ ದೃಶ್ಯ ಚಿತ್ರದಲ್ಲಿದೆ. ಪುಸ್ತಕದ ಆ ಭಾಗವನ್ನು ಹಿಂದುಮುಂದಿನ ವಾಕ್ಯಗಳೊಡನೆ ಓದಿದರೆ, ಪ್ಯಾಟ್ಸಿಯನ್ನು ಗುಟ್ಟಾಗಿ ಕೊಂದು ಜೌಗು ನೆಲದ ಅಂಚಿನಲ್ಲಿ ಹೂಳಲು ಅವನಿಗೆ ಲಂಚದ ಆಸೆ ತೋರಿಸುವವಳು ಒಡತಿ. ಸಾವನ್ನು ಬೇಡುವವಳನ್ನಾಗಿ ಮಾಡಿ ಚಿತ್ರ ಅವಳಿಗೆ ನ್ಯಾಯ ಮಾಡಿತೇ ಎಂಬ ಅನುಮಾನ ನನಗಿದೆ.

ಪುಸ್ತಕದ ಇನ್ನೊಂದು ಭಾಗ ಚಿತ್ರಕ್ಕೆ ಬಾರದೆ ಹೋದದ್ದು ನನಗೆ ಬೇಸರ. ಟಿಬೀಟ್ಸ್ ಎರಡನೆಯ ಸಲ, ಕೊಡಲಿ ಎತ್ತಿ, ಮೇಲೆರಗಿದಾಗ ಸಾಲೊಮನ್ ಅವನನ್ನು ಮಣಿಸಿ ಜೌಗಿನೊಳಕ್ಕೆ ಓಡುತ್ತಾನೆ, ಬೇಟೆನಾಯಿಗಳು ಬೆನ್ನಟ್ಟುತ್ತವೆ. ಆ ಸೀಮೆಯಲ್ಲಿ ಗುಲಾಮರಿಗೆ ಈಜು ಕಲಿಯಲು ಬಿಡುತ್ತಿರಲಿಲ್ಲ ಎಂದು ಅವನು ಬರೆಯುತ್ತಾನೆ. ನೀರು ಅಡ್ಡ ಬಂದರೆ ಓಡುವವನು ಅಲ್ಲಿಗೆ ನಿಲ್ಲಬೇಕು. ಅವನು ಉತ್ತರದ ನದಿಗಳ ದಡದಲ್ಲಿ ಬೆಳೆದವನು, ಈಜಿದ. ನಾಯಿಗಳಿಗೆ ವಾಸನೆ ತಪ್ಪಿತು. ಬದುಕುಳಿಯುವಿಕೆಯ ಬಗ್ಗೆ ಚಿತ್ರ ಮಾಡುವವರು ಇದನ್ನು ಹೇಗೆ ಬಿಟ್ಟರೋ ತಿಳಿಯದು. ಬಹುಶಃ ಅದು ಸಾಹಸದಂತೆ ಕಂಡೀತೆಂಬ ಅಂಜಿಕೆಯಿಂದ ಇರಬಹುದು.

ಅರ್ಧವಿರಾಮ

ಕೊನೆಯದಾಗಿ ಒಂದು ಕೇಳುತ್ತೇನೆ. ಮಾರಿದವರಿಗೆ ಶಿಕ್ಷೆಯಾಗಲಿಲ್ಲ ಎಂದು ಚಿತ್ರದ ಅಂತ್ಯದಲ್ಲಿ ಅಕ್ಷರಗಳು ಬರುತ್ತವೆ. ಅದು ಹೇಗೆ ಸಾಧ್ಯವಾಯಿತು?

ಹೊಳೆಸಾಲು

ಬಿಡುಗಡೆಯಿಂದಲೇ ಆರಂಭಿಸುತ್ತೇನೆ. ಕೆನಡಾ ಮೂಲದ ಬಡಗಿ ಸ್ಯಾಮ್ಯುಯೆಲ್ ಬ್ಯಾಸ್ 1852ರ ಆಗಸ್ಟ್ ತಿಂಗಳಲ್ಲಿ ಸಾಲೊಮನ್ನನ ಪರವಾಗಿ ಬರೆದ ಕಾಗದ ಸಾರಟೋಗಾ ತಲುಪಿತು. ಪತ್ನಿ ಆನ್ ರಾಜ್ಯಪಾಲರಿಗೆ ಮನವಿ ಸಲ್ಲಿಸಿದರು, ಹೆನ್ರಿ ನಾರ್ಥಪ್ ಪ್ರತಿನಿಧಿಯಾಗಿ ಲೂಸಿಯಾನಾಕ್ಕೆ ಹೋದರು. ಅಲ್ಲಿ ‘ಸಾಲೊಮನ್’ ಎಂದರೆ ಯಾರಿಗೂ ಗೊತ್ತಿಲ್ಲ, ಏಕೆಂದರೆ ಎಲ್ಲರಿಗೂ ಅವನು ಪ್ಲ್ಯಾಟ್. ಕೊನೆಗೆ ಬ್ಯಾಸ್‌ನನ್ನು ಹುಡುಕಿ ಗುರುತು ಹಿಡಿದು, 1853ರ ಜನವರಿ ಆರಂಭದಲ್ಲಿ ಎಪ್ಸನ ಹೊಲಕ್ಕೆ ಹೋಗಿ ಕರೆತಂದರು.

ಊರಿಗೆ ಮರಳುವ ದಾರಿಯಲ್ಲಿ ವಾಷಿಂಗ್ಟನ್ನಿನಲ್ಲಿ ಇಳಿದು ಬರ್ಚ್‌ನ ಮೇಲೆ ದೂರು ಕೊಟ್ಟರು. ಸಾಲೊಮನ್ ಸಾಕ್ಷಿ ಹೇಳಲು ಎದ್ದಾಗ, ಅವನ ಮೈಬಣ್ಣದ ಕಾರಣದಿಂದ ಸಾಕ್ಷ್ಯವನ್ನು ಸ್ವೀಕರಿಸಲಾಗದೆಂದು ನ್ಯಾಯಾಲಯ ಹೇಳಿತು. ಅಪಹರಣಕ್ಕೆ ಸಾಕ್ಷಿ ಅಪಹೃತನೇ. ಅವನ ಬಾಯಿ ಮುಚ್ಚಿದ ಮೇಲೆ ಮೊಕದ್ದಮೆಯಲ್ಲಿ ಉಳಿಯುವುದೇನು? ಈ ಮನುಷ್ಯ ಜಾರ್ಜಿಯಾದ ಗುಲಾಮನೆಂದು ತಾನೇ ಒಪ್ಪಿಕೊಂಡು ಮಾರಾಟಕ್ಕೆ ನಿಂತಿದ್ದ ಎಂದು ಬರ್ಚ್‌ನ ಕಡೆಯವರು ಹೇಳಿದರು. ಬರ್ಚ್ ಬಿಡುಗಡೆಯಾದ. ಮೊದಲಿಗೆ ಆಸೆ ತೋರಿಸಿ ಕರೆದೊಯ್ದ ಇಬ್ಬರು 1854ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಸಿಕ್ಕಿಬಿದ್ದರು. ಅಪರಾಧ ನಡೆದದ್ದು ಯಾವ ನ್ಯಾಯಾಲಯದ ವ್ಯಾಪ್ತಿಯಲ್ಲಿ ಎಂಬ ವಾದದಲ್ಲೇ ವರ್ಷಗಳು ಉರುಳಿ 1857ರಲ್ಲಿ ಆ ಮೊಕದ್ದಮೆಯನ್ನೂ ಕೈಬಿಡಲಾಯಿತು.

ಈ ಚರ್ಚೆ ಅಡಮಾನದ ಲೆಕ್ಕದಿಂದ ಆರಂಭವಾದದ್ದರಿಂದ ಇದನ್ನೂ ಹೇಳಬೇಕು. ವಾಷಿಂಗ್ಟನ್ನಿನಲ್ಲಿ ಬಿಡುಗಡೆಯಾದ ಕೂಡಲೇ ಬರ್ಚ್ ತಾನೇ ತಿರುಗಿ ಸಾಲೊಮನ್ನನ ಮೇಲೆ ದೂರು ದಾಖಲಿಸಿದ. ಇಬ್ಬರು ಬಿಳಿಯರೊಡನೆ ಸೇರಿ ಇವನು ನನಗೆ 625 ಡಾಲರ್ ವಂಚಿಸಿದ್ದಾನೆ ಎಂಬುದು ಆ ದೂರು. ಅಂದರೆ ಅವನನ್ನು ಕೊಳ್ಳಲು ತಾನು ತೆತ್ತ ಹಣವನ್ನೇ ಅವನಿಂದ ಕೇಳಿದಂತಾಯಿತು. ಹೆನ್ರಿ ನಾರ್ಥಪ್ ವಿಚಾರಣೆಗೆ ಸಿದ್ಧರಾಗಿ ನಿಂತರು. ಬರ್ಚ್ ದೂರನ್ನು ಹಿಂತೆಗೆದುಕೊಂಡ.